ಊಟ ಕೇಳಿದ ದನಿಯನ್ನು ಅಳಿಸಬೇಡಿ

ಫೆಬ್ರವರಿ ಮೂವತ್ತು, 2117
ಮೇಲ್ನಾಡು ವಿಶ್ವವಿದ್ಯಾಲಯ, ಹೆಣ್ಣುಮಕ್ಕಳ ವಸತಿ

ಅನ್ವಯಿಕ ಭಾಷಾವಿಜ್ಞಾನದ ಆನರ್ಸ್ ವರ್ಷಕ್ಕೆ ಈಗಷ್ಟೇ ಸೇರಿರುವ ನಿಮಗೆ,

ತಾರೀಖು ನೋಡಿ ನಗಬೇಡಿ. ಬೇಸಿಗೆ ಉದ್ದವಾದ ಮೇಲೆ ಕ್ಯಾಲೆಂಡರನ್ನೇ ತಿದ್ದಿದರು, ಆಗ ಫೆಬ್ರವರಿಗೂ ಮೂವತ್ತು ದಿನ ಸಿಕ್ಕಿತು. ನಮಗೆ ಸಿಕ್ಕ ಲಾಭ ಇದೊಂದೇ. ನೂರು ವರ್ಷ ಹಿಂದಿನ ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪುಸ್ತಕಗಳಿಂದ ಕಲಿತವಳು; ನನ್ನ ಮಾತುಗಳು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನನ್ನ ಹೆಸರು ನೀಲವೇಣಿ. ನೀವು ಓದುತ್ತಿರುವುದನ್ನೇ ನಾನೂ ಓದುತ್ತಿದ್ದೇನೆ. ನಿಮ್ಮಲ್ಲಿ ಒಂದು ಬೇಡಿಕೆಯಿದೆ, ಆದರೆ ಅದಕ್ಕೂ ಮೊದಲು ನಮ್ಮ ಆನರ್ಸ್ ವರ್ಷ ಹೇಗಿರುತ್ತದೆಂದು ಹೇಳಬೇಕು.

ಇಪ್ಪತ್ತು ವರ್ಷಗಳ ಹಿಂದೆ ಸಮುದ್ರ ಊರೊಳಗೆ ಬಂತು, ಮತ್ತೆ ಹಿಂದೆ ಹೋಗಲಿಲ್ಲ. ಅದನ್ನು ನಾವು ಕಡಲೇರು ಎನ್ನುತ್ತೇವೆ. ಕರಾವಳಿಯ ಜನರ ಜೊತೆ ಅವರ ಕಾಗದಪತ್ರಗಳೂ, ಅವನ್ನು ಕಾಯ್ದಿಟ್ಟಿದ್ದ ಕಚೇರಿಗಳೂ ಮುಳುಗಿದವು. ಬದುಕುಳಿದವರಿಗೆ ಮೇಲ್ನಾಡಿನಲ್ಲಿ ಮನೆ, ನೀರು ಕೊಡಬೇಕೆಂದು ಕಾನೂನಾಯಿತು. ನೀರೆಂದರೆ ದಿನಕ್ಕೊಂದು ಕೊಡ. ಅದರಲ್ಲೇ ಕುಡಿಯಬೇಕು, ಬೇಯಿಸಬೇಕು, ಮಿಕ್ಕಿದರೆ ಮುಖ ತೊಳೆಯಬೇಕು. ನಾವು ರಾಗಿಯನ್ನು ಬೇಯಿಸುವುದನ್ನು ಬಿಟ್ಟು ಒತ್ತಿ ಬಿಲ್ಲೆ ಮಾಡಿ ಅಗಿಯುತ್ತೇವೆ. ಬಟ್ಟೆಯನ್ನು ಬಿಸಿಲಿಗೆ ಹಾಕಿ ಕೊಡವಿ ಉಟ್ಟುಕೊಳ್ಳುತ್ತೇವೆ. ಅಂಥ ನೀರಿಗಾಗಿ ಯಾರ್ಯಾರೋ ಕರಾವಳಿಯವರೆಂದು ಹೇಳಿಕೊಂಡು ಬರತೊಡಗಿದಾಗ ಸರ್ಕಾರಕ್ಕೆ ನಮ್ಮ ವಿಭಾಗದ ನೆನಪಾಯಿತು. ಮಾತಿನಿಂದ ಊರು ಕಂಡುಹಿಡಿಯುವ ಪರೀಕ್ಷೆ ಶುರುವಾಯಿತು. ಅದಕ್ಕೆ ನುಡಿಗುರುತು ಎಂದು ಹೆಸರು. ಪಾಸಾದವರಿಗೆ ನೀರು, ಫೇಲಾದವರಿಗೆ ಉಪ್ಪುಪಟ್ಟಿ, ಅಂದರೆ ಕಡಲು ನುಂಗಿ ಅರ್ಧ ಉಗುಳಿದ ನೆಲ. ಅಲ್ಲಿಗೆ ಹೋದವರ ಸುದ್ದಿ ಬರುವುದಿಲ್ಲ.

ನಿಮಗೆ ಆನರ್ಸ್ ವರ್ಷದಲ್ಲಿ ಪ್ರಬಂಧ ಬರೆಯಲು ಒಂದು ವಿಷಯ ಕೊಡುತ್ತಾರೆ. ನಮಗೆ ಒಂದು ಕುಟುಂಬ ಕೊಡುತ್ತಾರೆ. ನನಗೆ ಸಿಕ್ಕಿದ್ದು ಮಡಿಕೋಡಿ ಎಂಬ ಮುಳುಗಿದ ಊರಿನ ಬಚ್ಚಿಯಕ್ಕ, ಆಕೆಯ ಮಗಳು ಸುಗುಣ ಮತ್ತು ಸುಗುಣಳ ಹಸುಗೂಸು. ಬಚ್ಚಿಯಕ್ಕ ಬಲೆ ನೇಯುತ್ತಿದ್ದವಳು. ಈಗ ನೇಯಲು ಬಲೆಯಿಲ್ಲ, ಬೆರಳು ಸುಮ್ಮನಿರುವುದಿಲ್ಲ. ಸೆರಗಿನ ಅಂಚಿನ ದಾರ ಬಿಡಿಸಿ ಗಂಟು ಹಾಕುತ್ತ ಕೂರುತ್ತಾಳೆ. ನಾನು ಮೊದಲ ದಿನ ಅವರಿದ್ದ ನಿರಾಶ್ರಿತರ ಶಿಬಿರಕ್ಕೆ ಹೋದಾಗ ಎದ್ದು ನಿಂತು, ಪಾಠ ಒಪ್ಪಿಸುವ ಮಗುವಿನಷ್ಟು ಸ್ಪಷ್ಟವಾಗಿ, "ಬನ್ನಿ, ಕುಳಿತುಕೊಳ್ಳಿ. ನಿಮ್ಮ ಊಟ ಆಯಿತೇ?" ಎಂದಳು. ಅಷ್ಟು ಪುಸ್ತಕದ ಕನ್ನಡವನ್ನು ನಾನು ಪುಸ್ತಕದಲ್ಲಿ ಬಿಟ್ಟು ಬೇರೆಲ್ಲೂ ಕೇಳಿರಲಿಲ್ಲ. ಪರೀಕ್ಷೆಯಲ್ಲೂ ಹೀಗೇ ಮಾತಾಡಿದರೆ ಫೇಲೇ ಎಂದುಕೊಂಡೆ.

ಪರೀಕ್ಷೆಯಲ್ಲೂ ಹಾಗೆಯೇ ಆಯಿತು. ಇಡೀ ಕುಟುಂಬದ ಪರವಾಗಿ ಹಿರಿಯರೊಬ್ಬರೇ ಕೂರಬೇಕು. ಪರೀಕ್ಷಕರು ಎದುರು ಕುಳಿತು ಮೀನಿನ ಬಗ್ಗೆ, ಮದುವೆಯ ಬಗ್ಗೆ ಕೇಳುತ್ತಾರೆ, ಯಂತ್ರ ಆಲಿಸುತ್ತದೆ. ಬಚ್ಚಿಯಕ್ಕ ಎಲ್ಲಕ್ಕೂ ಸರಿಯಾಗಿಯೇ ಉತ್ತರಿಸಿದಳು, ಒಂದೂ ಉತ್ತರ ಕರಾವಳಿಯ ಮಾತಿನಲ್ಲಿರಲಿಲ್ಲ; ಫೇಲಾದಳು. ಅದೇ ದಿನ ಅದೇ ಊರಿನ ಮಂಜ ಎಂಬ ಒರಟು ಮುದುಕ ಪರೀಕ್ಷಕರನ್ನು ಮನೆಮಾತಿನಲ್ಲೇ ವಾಚಾಮಗೋಚರವಾಗಿ ಬೈದು ಪಾಸಾದ. ಮಾತು ಬಲ್ಲವನಿಗೆ ಜಗಳವಿಲ್ಲವೆಂದು ನಿಮ್ಮ ಗಾದೆ. ನಮ್ಮಲ್ಲಿ ಜಗಳ ಬಲ್ಲವನಿಗಷ್ಟೇ ನೀರು.

ಮರುದಿನ ನಾನು ಶಿಬಿರದ ತಗಡಿನ ಗೋಡೆಯ ಹೊರಗಿದ್ದಾಗ ಒಳಗಿನಿಂದ ಬಚ್ಚಿಯಕ್ಕ ಮಗಳನ್ನು ಗದರುವ ದನಿ ಕೇಳಿಸಿತು. "ನೀರ್ ಎಲ್ಲ ಚೆಲ್ಲಿ ಹಾಳ್ ಮಾಡ್ದ್ಯಲೆ! ನಿಂಗ್ ಎಷ್ಟ್ ಸಲ ಹೇಳುದ್?" ಅದು ನೂರಕ್ಕೆ ನೂರು ಕರಾವಳಿಯ ಮಾತು. ಒಳಗೆ ಹೋದೆ, ಆಕೆ ಎದ್ದು ನಿಂತು ಮತ್ತೆ ಪುಸ್ತಕವಾದಳು. ಮನೆಮಾತನ್ನೇ ಪರೀಕ್ಷಕರ ಮುಂದೆ ಆಡಿಬಿಡಿ ಎಂದು ಕೈಮುಗಿದು ಕೇಳಿಕೊಂಡೆ. "ಹೊರಗಿನವರ ಎದುರು ಮನೆಯ ಮಾತು ಆಡಬಾರದು ಮೇಡಂ. ಅವರಿಗೆ ತಿಳಿಯದಿದ್ದರೆ ಅವಮಾನ ಮಾಡಿದ ಹಾಗಲ್ಲವೇ?" ಎಂದಳು. ಅವರ ಕಡೆ ಎಲ್ಲರ ಮನೆಯಲ್ಲೂ ಅದೇ ರೂಢಿಯಂತೆ: ಬಂದವರ ಕಾಲಿಗೆ ನೀರು, ಬಂದವರ ಕಿವಿಗೆ ಬಂದವರ ಮಾತು. ಆದರೂ ಮೊಮ್ಮಗುವಿಗಾಗಿ ಎರಡನೆಯ ಪರೀಕ್ಷೆಯಲ್ಲಿ ಪ್ರಯತ್ನಪಟ್ಟಳು. ನಾಚಿ, ತಡವರಿಸಿ, ನಾಟಕದವಳ ಹಾಗೆ ನಾಲ್ಕು ವಾಕ್ಯ ಹೇಳಿದಳು. ಇದು ಕಲಿತು ಬಂದ ಮಾತು ಎಂದು ಪರೀಕ್ಷಾ ಸಮಿತಿ ಬರೆಯಿತು. ಗೋಡೆಯಾಚೆ ನಾನು ಕೇಳಿದ್ದನ್ನು ಸಾಕ್ಷಿಯಾಗಿ ಹೇಳಿದೆ. ಪರೀಕ್ಷಾ ಕೋಣೆಯ ಹೊರಗಿನ ಮಾತು ಲೆಕ್ಕಕ್ಕಿಲ್ಲವಂತೆ.

ಸಮಿತಿಯ ಅಧ್ಯಕ್ಷ ದೇವೀರಪ್ಪನವರು ನನ್ನ ಗುರುಗಳೂ ಹೌದು. ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. "ಕರಾವಳಿಯವರು ನೆಂಟರ ಮುಂದೆ ಮಾತು ಬದಲಿಸುತ್ತಾರೆ ಅಂತೀಯಲ್ಲಮ್ಮ, ಹಂಗೆ ಬದಲಿಸಿರೋ ಒಂದೇ ಒಂದು ದನಿ ತಗೊಂಬಾ. ಯಂತ್ರಕ್ಕೆ ಕೇಳಿಸೋಣ" ಎಂದರು. ನಾನು ದನಿಭಂಡಾರಕ್ಕೆ ಓಡಿದೆ. ಕಡಲೇರಿನ ನಂತರ ಉಳಿದಿರುವ ಕರಾವಳಿಯ ದನಿಗಳು ಒಂದೇ ಸಂಗ್ರಹದವು, ನಿಮ್ಮ ಕಾಲದಲ್ಲಿ ಯಾರೋ ಆನರ್ಸ್ ವಿದ್ಯಾರ್ಥಿ ಮನೆಮನೆಗೆ ಹೋಗಿ ಧ್ವನಿಮುದ್ರಿಸಿದವು. ಯಂತ್ರ ಕಲಿತದ್ದೂ ಅವುಗಳಿಂದಲೇ. ಒಂದೊಂದಾಗಿ ಎಲ್ಲವನ್ನೂ ಕೇಳಿದೆ. ಎಂಥ ಸೊಗಸಾದ ಮಾತುಗಳು! ಅತ್ತೆ ಸೊಸೆಯರ ಜಗಳ, ಮೀನಿನ ಚೌಕಾಸಿ, ಸತ್ತವರ ನೆನಪು. ಆದರೆ ಪ್ರತಿಯೊಂದೂ ಮಾತಿನ ನಡುವಿನಿಂದಲೇ ಶುರುವಾಗುತ್ತದೆ. ಪ್ರತಿಯೊಂದರ ಮೇಲೂ ಒಂದೇ ಟಿಪ್ಪಣಿ: "ಆರಂಭದ ಭಾಗ ಅಶುದ್ಧ, ತೆಗೆದಿದೆ."

ಆ ಆರಂಭದಲ್ಲಿ ಏನಿತ್ತೆಂದು ನನಗೆ ಗೊತ್ತು. ಆ ವಿದ್ಯಾರ್ಥಿ ನೀವೇ ಇರಬೇಕು. ನೀವು ಬಾಗಿಲಲ್ಲಿ ನಿಂತಿರಿ. ಯಾರೋ ಬಚ್ಚಿಯಕ್ಕನಂಥವಳು ಎದ್ದು, ನಿಮ್ಮ ಮಾತಿನಲ್ಲೇ, ಊಟವಾಯಿತೇ ಎಂದು ಕೇಳಿದಳು. ಇದು ಆಕೆಯ ನಿಜವಾದ ನುಡಿಯಲ್ಲ ಎಂದು ನಿಮಗೆ ಕಲಿಸಿದ್ದರು, ನೀವು ಶ್ರದ್ಧೆಯಿಂದ ಅಳಿಸಿದಿರಿ. ಉಳಿದದ್ದನ್ನೇ ಕೇಳಿದ ಯಂತ್ರ, ಕರಾವಳಿಯಲ್ಲಿ ಯಾರೂ ಎಂದೂ ಹೊರಗಿನವರನ್ನು ಮಾತಾಡಿಸಿಯೇ ಇಲ್ಲ ಎಂದು ತಿಳಿದುಕೊಂಡಿದೆ. ಟಿಪ್ಪಣಿಯನ್ನು ಗುರುಗಳಿಗೆ ತೋರಿಸಿದೆ. "ಅಶುದ್ಧ ಅಂದ್ರೆ ಕೋಳಿ ಕೂಗಿರಬಹುದು, ಗಾಳಿ ಬೀಸಿರಬಹುದು. ಟಿಪ್ಪಣಿಗೆ ದನಿ ಇಲ್ಲವಲ್ಲಮ್ಮ" ಎಂದು ಕಣ್ಣು ತಪ್ಪಿಸಿದರು. ಆ ಕುಟುಂಬದ ವರದಿಗೆ ನನಗೆ ಪ್ರಥಮ ದರ್ಜೆ ಬಂದಿದೆ.

ಇವತ್ತು ಬೆಳಿಗ್ಗೆ ಉಪ್ಪುಪಟ್ಟಿಯ ಬಸ್ಸು ಹೊರಟಿತು. ಸುಗುಣ ಕೂಸನ್ನು ಎದೆಗವಚಿ ಒಳಗೆ ಕುಳಿತಿದ್ದಳು, ಒಮ್ಮೆಯೂ ನನ್ನತ್ತ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ. ನಾನು ಬಸ್ಸಿನ ಪಕ್ಕ ನಿಂತು ಅಳುತ್ತಿದ್ದೆ. ಬಚ್ಚಿಯಕ್ಕ ಕಿಟಕಿಯಿಂದ ಕೈ ಚಾಚಿ ನನ್ನ ಕೆನ್ನೆ ಒರೆಸಿದಳು. "ಮರ್ಕಬ್ಯಾಡ ಮಗಾ. ಉಂಡ್ಯಾ ಇಲ್ಯಾ? ಒಳಗ್ ಹೋಗ್, ಬಿಸ್ಲಿತ್ತ್." ಒಂದು ವರ್ಷ ಬಾಗಿಲಲ್ಲೇ ನಿಂತಿದ್ದ ನನ್ನನ್ನು ಆ ಕ್ಷಣ ಮನೆಯೊಳಗೆ ಸೇರಿಸಿಕೊಂಡಳು. ಪರೀಕ್ಷಕರೂ ಇರಲಿಲ್ಲ, ಯಂತ್ರವೂ ಇರಲಿಲ್ಲ.

ನನ್ನ ಬೇಡಿಕೆ ಇಷ್ಟೇ. ಈ ವರ್ಷ ನೀವು ಧ್ವನಿಮುದ್ರಣಕ್ಕೆ ಹೋಗುತ್ತೀರಿ. ಯಾವಳೋ ಒಬ್ಬಳು ಬಾಗಿಲು ತೆಗೆದು, ತನ್ನದಲ್ಲದ ಮಾತಿನಲ್ಲಿ ನಿಮ್ಮನ್ನು ಒಳಗೆ ಕರೆಯುತ್ತಾಳೆ. ಅದೂ ಅವಳದೇ ನುಡಿ. ದಯವಿಟ್ಟು ಅದನ್ನು ಉಳಿಸಿ. ಆಮೇಲೆ, ಆಕೆ ಕೇಳಿದಳೆಂದು, ಕುಳಿತು ಊಟ ಮಾಡಿ.

ನಿಮ್ಮ,
ನೀಲವೇಣಿ