ಕರೆದರೆ ಬರುವ ಹುಡುಗ

6 ಸೆಪ್ಟೆಂಬರ್ 2015, ಭಾನುವಾರ, ಬೆಳಿಗ್ಗೆ 9

ಎರಡನೇ ಕಾಫಿ, ಮೂರನೇ ಮ್ಯಾಚು. ಅವರ ಶನಿವಾರ ನನ್ನ ಭಾನುವಾರ. ಏಳು ವರ್ಷದಿಂದ ಹೀಗೇ. ಅಮೆರಿಕದ ಕಾಲೇಜು ಹುಡುಗರು ಅವರ ಫುಟ್‌ಬಾಲಿನಲ್ಲಿ ತಲೆಗೆ ತಲೆ ಕೊಟ್ಟು ಗುದ್ದಾಡುವುದನ್ನು ಆಕ್ಲೆಂಡಿನ ಫ್ಲ್ಯಾಟ್ ಬುಷ್‌ನ ಈ ಗ್ಯಾರೇಜಿನಲ್ಲಿ ಕೂತು ನೋಡುವುದು. ಪಾದಕ್ಕೆ ಎಷ್ಟು, ಕೈಗೆ ಎಷ್ಟು, ಕಣ್ಣಿಗೆ ಎಷ್ಟು ಎಂದು ಮಾರ್ಕು ಹಾಕುವುದು. ಹುಡುಗನಿಗೊಂದು ಪುಟ. ಓಹಾಯೋದಲ್ಲಿರುವ ಕರ್ಟ್ ಅವನ್ನೆಲ್ಲ ಸೇರಿಸಿ ಗೈಡ್ ಅಂತ ಪುಸ್ತಕ ಮಾಡುತ್ತಾನೆ, ವೃತ್ತಿಪರ ತಂಡಗಳು ದುಡ್ಡು ಕೊಟ್ಟು ತರಿಸುತ್ತವೆ. ಏಪ್ರಿಲ್ ಕೊನೆಗೆ ಡ್ರಾಫ್ಟ್. ಏಳು ಸುತ್ತು. ಸರದಿ ಪ್ರಕಾರ ಒಂದೊಂದು ತಂಡ ಒಬ್ಬೊಬ್ಬ ಹುಡುಗನನ್ನು ಎತ್ತಿಕೊಳ್ಳುತ್ತದೆ. ಹೆಸರು ಬಂದವನ ಮನೆ ಉದ್ಧಾರ. ಬರದವನು ಎಲ್ಲೋ ಟ್ರಕ್ ಓಡಿಸುತ್ತಾನೆ.

ಗೈಡಿನಲ್ಲಿ ನನ್ನ ಹೆಸರಿಲ್ಲ. ಎರಡನೇ ಪುಟದಲ್ಲಿ ನಾಲ್ಕು ಬಿಳಿಯರ ಹೆಸರು, ಆಮೇಲೆ ‘ಮತ್ತು ಇತರರು’. ನಾನು ಇತರರು.

ಯಾಮಿನಿ ಬಾಗಿಲಲ್ಲಿ ಬಂದು ನಿಂತಳು. "ರೀ, ಗಣೇಶನ ಹಬ್ಬದ ಮೀಟಿಂಗು. ಬರ್ತೀರೋ ಇಲ್ವೋ?" ಇಲ್ಲ ಅಂದೆ. ಹೋದರೆ ಕನ್ನಡ ಕೂಟದ ರಘುನಾಥ್ ಮತ್ತೆ ಅದನ್ನೇ ಕೇಳುತ್ತಾನೆ: "ಫುಟ್‌ಬಾಲ್ ಅಂತೀರ, ಕಾಲಲ್ಲಿ ಒದಿಯೋದೇ ಇಲ್ವಲ್ಲ ಸಾರ್?" ಸುತ್ತ ನಿಂತವರೆಲ್ಲ ನಗುತ್ತಾರೆ. ಪ್ರತಿ ವರ್ಷ ಹೊಸದಾಗಿ.

15 ನವೆಂಬರ್, ಭಾನುವಾರ

ಒಬ್ಬ ಸಿಕ್ಕಿದ.

ಪಶ್ಚಿಮದ ಕಡೆಯ ಸಣ್ಣ ಕಾಲೇಜು, ಯಾರೂ ನೋಡದ ಮ್ಯಾಚು. ನೂರ ಮೂವತ್ತು ಕೇಜಿ ಹುಡುಗ. ಎದುರಾಳಿಗಳು ಕಟ್ಟಿದ ಗೋಡೆ ಒಡೆದು, ಚೆಂಡು ಎಸೆಯುವವನ ಮೇಲೆ ಬೀಳುವುದು ಇವನ ಕೆಲಸ. ಅಷ್ಟು ಭಾರದವನ ಪಾದ ಹಾಗೆ ಹಗುರಾಗಿ ಆಡುವುದನ್ನು ಏಳು ವರ್ಷದಲ್ಲಿ ಎರಡು ಸಲ ನೋಡಿದ್ದೇನೆ. ಒಂದೇ ಆಟವನ್ನು ಹನ್ನೊಂದು ಸಲ ಹಿಂದೆ ತಿರುಗಿಸಿದೆ.

ಹೆಸರು ಸೆಮಿಸಿ. ಮನೆಯವರು ಟೋಂಗಾ ದ್ವೀಪದವರು. ಹುಟ್ಟಿದ ಊರು ಆಕ್ಲೆಂಡ್. ಶಾಲೆ — ಇಲ್ಲೇ, ನಮ್ಮ ಮನೆಯಿಂದ ಐದು ನಿಮಿಷದ ದಾರಿ.

ಮೂರನೇ ಸುತ್ತಿನಲ್ಲೇ ಹೋಗುತ್ತಾನೆ ಎಂದು ಬರೆದು ಕಳಿಸಿದೆ.

16 ನವೆಂಬರ್

ಕರ್ಟ್ ನಂಬಲಿಲ್ಲ. ರಾತ್ರಿ ಕಳೆಯುವುದರೊಳಗೆ ಮೂರು ಮ್ಯಾಚು ನೋಡಿ ನಂಬಿದ. "ಗುಡ್ ಐ", ಒಳ್ಳೇ ಕಣ್ಣು, ಅಂತ ಎರಡೇ ಪದ. ಅಷ್ಟಕ್ಕೇ ಇಡೀ ದಿನ ಆಫೀಸಿನಲ್ಲಿ ಇನ್ಶೂರೆನ್ಸ್ ಕ್ಲೇಮಿನ ಅಂಕಿಗಳು ಸಿಹಿಯಾಗಿದ್ದವು. ನನ್ನ ಯೋಗ್ಯತೆಗೆ ನನಗೇ ನಗು.

24 ಜನವರಿ 2016

ಕರ್ಟ್ ಫೋನು. ಸಾಮಾನ್ಯವಾಗಿ ಮೇಲ್ ಮಾತ್ರ.

ಪ್ರತಿ ಪುಟದ ಕೊನೆಗೆ ‘ಕ್ಯಾರೆಕ್ಟರ್’ ಎಂದು ಎರಡು ಸಾಲಿನ ಡಬ್ಬ ಇದೆ. ನಾನು ಯಾವತ್ತೂ ಖಾಲಿ ಬಿಡುವವನು. ಟೀವಿಯಲ್ಲಿ ಪಾದ ಕಾಣುತ್ತದೆ, ಗುಣ ಎಲ್ಲಿ ಕಾಣುತ್ತದೆ? ಅದಕ್ಕೆ ಕರ್ಟ್‌ಗೆ ಸಿಟ್ಟು. ಈಗ ಹೇಳಿದ: "ಆ ಹುಡುಗನ ಮನೆ ನಿನ್ನ ಪಕ್ಕದಲ್ಲೇ ಇದೆ. ಹೋಗಿ ಕೂತು ಮಾತಾಡಿ ಬಾ. ಇದು ಸರಿ ಬಂದರೆ ಜೂನ್‌ನಿಂದ ಫುಲ್ ಟೈಮ್. ಗೈಡಿನಲ್ಲಿ ಹೆಸರು."

ಹೆಸರು. ಕೊನೆಗೂ ಆ ಮಾತು ಅವನ ಬಾಯಿಂದ ಬಂತು.

13 ಫೆಬ್ರವರಿ, ಶನಿವಾರ, ಸಂಜೆ

ಹೋಗಿ ಬಂದೆ. ಎಲ್ಲ ಬರೆದಿಡಬೇಕು, ಮರೆಯುವ ಮೊದಲು.

ಅಪ್ಪ ತೋಮಾಸಿ ಏರ್‌ಪೋರ್ಟಿನಲ್ಲಿ ಲಗೇಜ್ ಎತ್ತುವವನು, ಮಾತು ಕಡಿಮೆ. ಅಮ್ಮ ಲುಪೆ, ಇಬ್ಬರ ಮಾತನ್ನೂ ಅವಳೇ ಆಡುತ್ತಾಳೆ. ಗೈಡಿಗೆ ಬರೆಯುವವನು ಎಂದು ಮೊದಲೇ ಹೇಳಿದ್ದೆ. ಬಾಗಿಲಲ್ಲೇ ಕೈ ಹಿಡಿದುಕೊಂಡಳು.

ನಾನು ನಮ್ಮವರ ಹಾಗೆಯೇ ಕೇಳಿದೆ. ಎಷ್ಟು ಮಕ್ಕಳು, ಯಾರಿಗೆ ಮದುವೆಯಾಗಿದೆ, ಬಿ.ಪಿ. ಇದೆಯಾ, ಮನೆ ಸ್ವಂತದ್ದಾ. ಇಲ್ಲಿನ ಬಿಳಿಯರ ಮನೆಯಲ್ಲಿ ಹೀಗೆ ಕೇಳಿದರೆ ಹೊರಗೆ ಹಾಕುತ್ತಾರೆ. ಇವಳು ಎಲ್ಲಕ್ಕೂ ಖುಷಿಯಿಂದ ಉತ್ತರ ಕೊಟ್ಟಳು, ತಿರುಗಿ ನನ್ನನ್ನೂ ಅಷ್ಟೇ ಕೇಳಿದಳು.

ಊಟಕ್ಕೆ ಏಳಿಸಿದರು. ಮಾಂಸ ತಿನ್ನುವುದಿಲ್ಲ ಎಂದು ಫೋನಿನಲ್ಲಿ ಹೇಳಿದ್ದು ನನಗೇ ಮರೆತಿತ್ತು, ಅವಳಿಗೆ ನೆನಪಿತ್ತು. ಕೆಸುವಿನ ಎಲೆಗೆ ತೆಂಗಿನ ಹಾಲು ಹಾಕಿ ಫಾಯಿಲಿನಲ್ಲಿ ಸುತ್ತಿ ಬೇಯಿಸುತ್ತಾರೆ, ಒಳಗೆ ಮಾಂಸ ಇಟ್ಟು. ನನ್ನ ಪೊಟ್ಟಣದಲ್ಲಿ ಈರುಳ್ಳಿ ಮಾತ್ರ. ಬೇರೆ ತಟ್ಟೆಯಲ್ಲಿ, ಬೇರೆ ಚಮಚದಲ್ಲಿ. ನಮ್ಮ ಕೂಟದ ಪಾಟ್‌ಲಕ್‌ನಲ್ಲೂ ಇಷ್ಟು ಮಡಿ ಇರುವುದಿಲ್ಲ. ನಾಲಿಗೆ ತುರಿಸಲಿಲ್ಲ. ಎರಡು ಸಲ ಹಾಕಿಸಿಕೊಂಡೆ.

ಮಗನ ಗುಣ ಹೇಗೆ ಅಂತ ಕೇಳಿದೆ. ಲುಪೆ ಅಂದಳು: "ನಾನು ಕರೆದರೆ ಬರುತ್ತಾನೆ. ಕೈಯಲ್ಲಿ ಏನಿದ್ದರೂ ಬಿಟ್ಟು ಬರುತ್ತಾನೆ. ಎರಡು ವರ್ಷದ ಹಿಂದೆ ಇವರಿಗೆ ಹಾರ್ಟ್ ಆಪರೇಷನ್ ಆದಾಗ ಬಂದ. ಯಾರನ್ನೂ ಕೇಳಲಿಲ್ಲ, ವಿಮಾನ ಹತ್ತಿದ. ಅಂಥ ಮಗ."

ತೋಮಾಸಿ ತಲೆಯಾಡಿಸಿದ. ಅವನ ಕಣ್ಣು ತುಂಬಿತ್ತು. ನನ್ನದೂ.

ಹೊರಡುವಾಗ, "ಒಳ್ಳೇದು ಬರೀರಿ" ಅಂದಳು.

14 ಫೆಬ್ರವರಿ

2009ರ ಅಕ್ಟೋಬರ್‌ನಲ್ಲಿ ಅಮ್ಮ ಮೈಸೂರಿನ ಆಸ್ಪತ್ರೆಯಿಂದ ಫೋನ್ ಮಾಡಿದ್ದಳು. ಒಂದ್ಸಲ ಬಂದು ಹೋಗೋ ಬದರಿ, ಅಂತ. ರೆಸಿಡೆನ್ಸಿ ಫೈಲು ಇಮಿಗ್ರೇಷನ್‌ನಲ್ಲಿತ್ತು. ಮುಂದಿನ ತಿಂಗಳು ಬರ್ತೀನಿ ಅಂದೆ. ಅವಳ ವೈಕುಂಠ ಸಮಾರಾಧನೆಗೂ ತಲುಪಲಿಲ್ಲ.

ಸೆಮಿಸಿಯ ಡಬ್ಬ ತುಂಬಿಸಿದೆ. ಏಳು ವರ್ಷದಲ್ಲಿ ಮೊದಲ ಸಲ. ‘ಅಪರೂಪದ ಮಗ. ತಾಯಿ ಕರೆದರೆ ಏನಿದ್ದರೂ ಬಿಟ್ಟು ಮನೆಗೆ ಬರುತ್ತಾನೆ. ಹಿಂದೆ ಒಮ್ಮೆ ಬಂದಿದ್ದಾನೆ.’ ನನ್ನ ಬಗ್ಗೆ ಯಾರೂ ಬರೆಯಲಾರದ ಸಾಲು. ಇದಕ್ಕಿಂತ ಒಳ್ಳೆಯದನ್ನು ಒಬ್ಬ ಮನುಷ್ಯನ ಬಗ್ಗೆ ಬರೆಯುವುದು ಹೇಗೆ ಅಂತ ನನಗೆ ಗೊತ್ತಿಲ್ಲ.

ಕಳಿಸಿದೆ. ಚೆನ್ನಾಗಿ ನಿದ್ದೆ ಬರುತ್ತೆ ಇವತ್ತು.

16 ಫೆಬ್ರವರಿ, ಮಂಗಳವಾರ

ಕರ್ಟ್ ಉತ್ತರ. ಹಾಗೇ ಇಳಿಸುತ್ತೇನೆ —

"ಈ ಒಂದು ಸಾಲಿಗೇ ನಿನಗೆ ವರ್ಷದ ಸಂಬಳ ಕೊಡಬೇಕು. ಬೇರೆ ಯಾರಿಗೂ ಇದು ಸಿಕ್ಕಿಲ್ಲ. ಸೀಸನ್ ನಡುವೆ ಅಮ್ಮ ಕರೆದಳು ಅಂತ ವಿಮಾನ ಹತ್ತುವವನ ಮೇಲೆ ಯಾವ ತಂಡ ದುಡ್ಡು ಹಾಕುತ್ತೆ? ಮೂರನೇ ಸುತ್ತಿನಿಂದ ತೆಗೆದು ಏಳಕ್ಕೆ ಹಾಕಿದ್ದೇನೆ. ಬ್ರಿಲಿಯಂಟ್ ವರ್ಕ್."

ನಾಲ್ಕು ಸಲ ಓದಿದೆ.

17 ಫೆಬ್ರವರಿ

ಯಾಮಿನಿಗೆ ತೋರಿಸಿದೆ. ಓದಿ ಫೋನ್ ವಾಪಸ್ ಕೊಟ್ಟಳು.

"ಬರೆದು ಹಾಕಿ ಅವನಿಗೆ. ಹೊಗಳಿ ಬರೆದಿದ್ದು, ನೀನು ಉಲ್ಟಾ ತಿಳ್ಕೊಂಡೆ ಅಂತ. ಅದರಲ್ಲೇನಿದೆ?"

ಅದರಲ್ಲೇನಿದೆ. ಬರೆದರೆ ಕರ್ಟ್ ಕೇಳುತ್ತಾನೆ — ಹಾಗಾದರೆ ಯಾವುದು ಹೊಗಳಿಕೆ, ಯಾವುದು ದೂರು ಅನ್ನುವುದೇ ನಿನಗೆ ಗೊತ್ತಿಲ್ಲವಾ? ಉಳಿದ ನಲವತ್ತು ಪುಟ ಹೇಗೆ ನಂಬಲಿ? ಜೂನ್ ಹೋಯಿತು, ಹೆಸರೂ ಹೋಯಿತು.

ಒಂದು ಮೇಲ್ ಟೈಪ್ ಮಾಡಿದೆ. ಚೆನ್ನಾಗಿದೆ. ಕಳಿಸದೆ ಡ್ರಾಫ್ಟ್ಸ್‌ನಲ್ಲಿ ಇಟ್ಟಿದ್ದೇನೆ. ಗೈಡ್ ಅಚ್ಚಿಗೆ ಹೋಗುವುದು ಮಾರ್ಚ್ ಇಪ್ಪತ್ತಕ್ಕೆ. ಟೈಮಿದೆ.

6 ಮಾರ್ಚ್

ಟೈಮಿದೆ.

19 ಮಾರ್ಚ್, ಶನಿವಾರ

ಮೇಲ್ ತೆಗೆದು ಎರಡು ಅಲ್ಪವಿರಾಮ ಸರಿ ಮಾಡಿದೆ. ಮುಚ್ಚಿದೆ. ಪ್ಯಾಕ್‌ಎನ್‌ಸೇವ್‌ನಲ್ಲಿ ಲುಪೆ ಕಂಡಳು, ತರಕಾರಿ ಕಡೆ. ನಾನು ಬ್ರೆಡ್ಡಿನ ಸಾಲಿಗೆ ಹೋಗಿ ನಿಂತೆ. ನಮ್ಮ ಮನೆಗೆ ಬ್ರೆಡ್ಡು ಬೇಕಿರಲಿಲ್ಲ.

2 ಏಪ್ರಿಲ್

ಗೈಡ್ ಬಂತು. ಎರಡನೇ ಪುಟ, ಐದನೇ ಹೆಸರು: ಬದರಿನಾಥ್, ಆಕ್ಲೆಂಡ್. ಕಾಗುಣಿತ ಸರಿಯಿದೆ. ಸೆಮಿಸಿ ನೂರ ತೊಂಬತ್ತನೇ ಪುಟ. ಕೊನೆಯ ಡಬ್ಬದಲ್ಲಿ ದಪ್ಪಕ್ಷರ: ‘ಮನೆಯವರು ಕರೆದರೆ ಬಿಟ್ಟು ಹೋಗುವ ಅಪಾಯ. ಮನೆಗೇ ಹೋಗಿ ಖಚಿತಪಡಿಸಿಕೊಂಡದ್ದು.’

ಯಾಮಿನಿಗೆ ಹೆಸರಿರುವ ಪುಟ ತೋರಿಸಿದೆ. "ಹ್ಞೂಂ" ಅಂದು ಕುಕ್ಕರ್ ಆಫ್ ಮಾಡಲು ಹೋದಳು.

30 ಏಪ್ರಿಲ್, ಶನಿವಾರ

ಎರಡು ದಿನದಲ್ಲಿ ಮೂರು ಸುತ್ತು ಮುಗಿಯಿತು. ಮೂರನೇ ಸುತ್ತಿನಲ್ಲಿ ಪಾದಕ್ಕೆ ಸೆಮಿಸಿಗಿಂತ ಕಡಿಮೆ ಮಾರ್ಕು ಬಿದ್ದವರು ನಾಲ್ಕು ಜನ ಹೋದರು. ಎಣಿಸಿದೆ.

ಲುಪೆ ಫೋನ್ ಮಾಡಿದ್ದಳು. ನಾಳೆ ಬೆಳಿಗ್ಗೆ ಎಲ್ಲರೂ ಸೇರಿ ನೋಡುತ್ತಾರಂತೆ, ನಾನು ಬರಲೇಬೇಕಂತೆ. ಹ್ಞೂಂ ಅಂದೆ. ಬರುವುದಿಲ್ಲ ಅನ್ನಲು ಒಂದು ಸುಳ್ಳೂ ಸಿಗಲಿಲ್ಲ.

ಯಾಮಿನಿ: "ನಾನು ಬರಲ್ಲ. ಆ ಹೆಂಗಸಿನ ಮುಖ ನೋಡೋಕೆ ನನ್ನ ಕೈಲಾಗಲ್ಲ. ನಿಮ್ಮ ಕೈಲಿ ಹೇಗಾಗುತ್ತೋ, ಹೋಗಿ."

1 ಮೇ, ಭಾನುವಾರ, ಮಧ್ಯಾಹ್ನ

ಎಂಟಕ್ಕೆ ಹೋದೆ. ಹಾಲ್ ತುಂಬ ಜನ, ಚಾಪೆ ಮೇಲೆ, ಸೋಫಾ ಕೈ ಮೇಲೆ. ಚರ್ಚ್ ಬಟ್ಟೆ ಹಾಕಿಕೊಂಡೇ ಕೂತಿದ್ದರು, ಚರ್ಚಿಗೆ ಹೋಗಿರಲಿಲ್ಲ. ಟೀವಿ ಪಕ್ಕದಲ್ಲಿ ಫೋನು ಆನಿಸಿಟ್ಟು ಅದರಲ್ಲಿ ಸೆಮಿಸಿ — ಅಲ್ಲಿ ಕೋಚ್ ಮನೆಯಲ್ಲಿ, ಇಸ್ತ್ರಿ ಮಾಡಿದ ಶರ್ಟು. ನನ್ನನ್ನು ಕಂಡು ಕೈ ಬೀಸಿದ. "ಥ್ಯಾಂಕ್ಯೂ ಅಂಕಲ್" ಅಂದ.

ನನಗೆ ಮುಂದಿನ ಕುರ್ಚಿ. ಪರಿಣತ ನಾನು. ಪ್ರತಿ ಹೆಸರಿಗೂ ಇವನು ಯಾರು, ಏಕೆ ತೆಗೆದುಕೊಂಡರು ಎಂದು ಕೇಳಿದರು, ಹೇಳಿದೆ. ಐದನೇ ಸುತ್ತು. ಆರನೇ ಸುತ್ತು. ಇನ್ನೂ ಎಷ್ಟಿದೆ ಅಂತ ಲುಪೆ ಕೇಳಿದಾಗಲೆಲ್ಲ ಲೆಕ್ಕ ಹೇಳಿದೆ. ನನ್ನ ಬಾಯಿ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು.

ಹನ್ನೊಂದರ ಹೊತ್ತಿಗೆ ಕೊನೆಯ ಹೆಸರು. ಅವನದಲ್ಲ.

ಯಾರೂ ಅಳಲಿಲ್ಲ. ತೋಮಾಸಿ ಟೀವಿ ಆರಿಸಿ ಪ್ರಾರ್ಥನೆ ಹೇಳಿದ. ಹೆಸರು ಬರದವರಿಗೂ ತಂಡಗಳು ಫೋನ್ ಮಾಡಿ ಕ್ಯಾಂಪಿಗೆ ಕರೆಯುವುದುಂಟು, ಎರಡು ದಿನ ಕಾಯಲಿ, ಅಂದೆ. ಅದು ನಿಜ. ಅಷ್ಟಾದರೂ ನಿಜ ಹೇಳಿದೆ. ಲುಪೆ ಅದನ್ನು ಕೇಳಿಸಿಕೊಳ್ಳಲಿಲ್ಲ. ಫೋನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅವರ ಭಾಷೆಯಲ್ಲಿ ಏನೋ ಹೇಳಿದಳು. ಹುಡುಗ ತಲೆಯಾಡಿಸಿದ.

"ಮನೆಗೆ ಬಾ ಅಂದೆ. ಬರ್ತಾನೆ" ಅಂದಳು ನನ್ನ ಕಡೆ ತಿರುಗಿ. "ನಾನು ಹೇಳಿರಲಿಲ್ವಾ ನಿಮಗೆ? ನೀವು ಅದನ್ನ ಅವರಿಗೆ ಬರೆದಿದ್ದಿರಾ?"

"ಬರೆದಿದ್ದೆ."

"ಮತ್ತೆ ಅವರು ಯಾಕೆ ತಗೊಳ್ಳಲಿಲ್ಲ?"

ಗೊತ್ತಿಲ್ಲ ಅಂದೆ.

ಊಟಕ್ಕೆ ಕೂರಿಸಿದರು. ನನ್ನ ಫಾಯಿಲ್ ಪೊಟ್ಟಣದ ಮೇಲೆ ನನ್ನ ಹೆಸರು ಬರೆದಿಟ್ಟಿದ್ದಳು, ಅದಲುಬದಲಾಗಬಾರದು ಅಂತ. ತಿಂದೆ. ಪೂರ್ತಿ ತಿಂದೆ.

4 ಮೇ

ಕರ್ಟ್ ಮೇಲ್. "ಒಂದು ತಂಡ ನಿನ್ನ ಟೋಂಗನ್ ಹುಡುಗನಿಗೆ ಸೋಮವಾರ ಫೋನ್ ಮಾಡಿತ್ತಂತೆ, ಕ್ಯಾಂಪಿಗೆ. ಆಗಲೇ ಏರ್‌ಪೋರ್ಟಿನಲ್ಲಿದ್ದನಂತೆ. ಅಮ್ಮ ಕರೆದಿದ್ದಾಳೆ, ಆಮೇಲೆ ಬರ್ತೀನಿ ಅಂದನಂತೆ. ಬೇರೆಯವನನ್ನು ಕರೆದುಕೊಂಡರು. ನೀನು ಬರೆದ ಹಾಗೇ ಆಯಿತು, ಅಕ್ಷರಕ್ಕೆ ಅಕ್ಷರ."

ಕೆಳಗೆ ಕಾಂಟ್ರ್ಯಾಕ್ಟ್. ಜೂನ್ ಒಂದು. ಸಹಿ ಮಾಡಿ ಕಳಿಸಿದೆ. ಆ ಡ್ರಾಫ್ಟ್ಸ್‌ನಲ್ಲಿದ್ದ ಮೇಲ್ ಅಳಿಸಿದೆ.

ಹೇಡಿ.

7 ಮೇ, ಶನಿವಾರ, ಬೆಳಿಗ್ಗೆ 10.20

ಹೊರಗೆ ಯಾವುದೋ ಕಾರು. ಗ್ಯಾರೇಜಿನ ಕಿಟಕಿಯಿಂದ ಕಾಣುತ್ತದೆ. ಲುಪೆ ಇಳಿದಳು, ಕೈಯಲ್ಲಿ ಫಾಯಿಲ್ ಪೊಟ್ಟಣ. ಹಿಂದಿನಿಂದ ಹುಡುಗ. ಟೀವಿಯಲ್ಲಿ ಕಂಡದ್ದಕ್ಕಿಂತ ದೊಡ್ಡವನು, ಬಾಗಿಲಿನ ಹತ್ತಿರ ತಲೆ ಬಗ್ಗಿಸಿದ. ನಡಿಗೆ ಈಗಲೂ ಹಗುರ. ಅವನ ಕೈಯಲ್ಲೂ ಏನೋ ಇದೆ. ದಪ್ಪ ಪುಸ್ತಕ. ಹಸಿರು ರಟ್ಟು.

ಗೈಡು. ನಡುವೆ ಒಂದು ಬೆರಳು ಇಟ್ಟುಕೊಂಡಿದ್ದಾನೆ, ಪುಟ ಕಳೆಯದ ಹಾಗೆ.

ಅವಳು ನಗುತ್ತಿದ್ದಾಳೆ. ಅವಳಿಗಿನ್ನೂ ತೋರಿಸಿಲ್ಲ. ಅವನು ನಗುತ್ತಿಲ್ಲ.

ಯಾಮಿನಿ ಬಾಗಿಲು ತೆಗೆದಳು. "ರೀ, ಬನ್ನಿ ಇಲ್ಲಿ" ಅಂತ ಕರೆಯುತ್ತಿದ್ದಾಳೆ. ಎರಡನೇ ಸಲ ಕರೆದಳು. ಕೈಯಲ್ಲಿರುವುದನ್ನು ಬಿಟ್ಟು ಹೋಗಬೇಕು. ಹೋಗಿ ಏನಂತ ಹೇಳ—