ನಡು ಸವೆದ ಬೆಡ್‌ಶೀಟು

ಭಾನುವಾರ, ಮಾರ್ಚ್ ೯

ಪ್ರೀತಿಯ ಕತ್ತರಿಗೆ,

ನಿನ್ನ ಸೂಜಿಯ ನೆನಪುಗಳು. ಮೊದಲು ಬೈದುಬಿಡು, ಆಮೇಲೆ ಓದು. ನಿನ್ನ ಕಾಗದ ಬಂದು ಏಳು ವಾರವಾಯಿತು. ನಾಳೆ ಬರೆದರಾಯಿತು ಎಂದು ಹೊಲಿಗೆ ಮಿಷನ್ನಿನ ಖಾನೆಯಲ್ಲಿ ಇಟ್ಟಿದ್ದೆ. ಮೂರು ಸಲ ಬರೆಯಲು ಕೂತೆ, ಮೂರೂ ಸಲ ಹರಿದು ಹಾಕಿದೆ. ನೀನು ಕೇಳಿದ್ದು ಹಳೇ ಬಟ್ಟೆಯ ವಿಚಾರ, ನನ್ನ ಕೈಯಿಂದ ಬರುತ್ತಿದ್ದದ್ದು ಬೇರೆಯದೇ. ಇವತ್ತು ಏನು ಬಂದರೂ ಬರಲಿ, ಹರಿಯುವುದಿಲ್ಲ.

ಆಸ್ಪತ್ರೆಯ ನಮ್ಮ ಬಟ್ಟೆ ಕೋಣೆ ನೀನು ಬಿಟ್ಟುಹೋದ ಹಾಗೇ ಇದೆ. ಅದೇ ಕಬ್ಬಿಣದ ಕಪಾಟು, ಅದೇ ಫಿನಾಯಿಲು ವಾಸನೆ. ನಿನ್ನ ಜಾಗಕ್ಕೆ ಯಾರನ್ನೂ ಹಾಕಿಲ್ಲ. ಸ್ಟೋರಿನ ಸಾಹೇಬರನ್ನು ಕೇಳಿದ್ದಕ್ಕೆ, "ನೀವೊಬ್ರೇ ಇಬ್ರ ಕೆಲ್ಸ ಮಾಡ್ತಿದೀರಲ್ಲಮ್ಮ, ಇನ್ಯಾಕೆ?" ಅಂದರು. ಹೊಗಳಿದರೋ, ಕೆಲಸವನ್ನು ಕುತ್ತಿಗೆಗೆ ಕಟ್ಟಿದರೋ ತಿಳಿಯಲಿಲ್ಲ. ಈಗ ಕತ್ತರಿಸುವವಳೂ ನಾನೇ, ಹೊಲಿಯುವವಳೂ ನಾನೇ. ಸಂಜೆಗೆ ಬಲಗೈ ಮಣಿಕಟ್ಟು ನನ್ನದಲ್ಲವೆನ್ನಿಸುತ್ತದೆ.

ಸರಿ, ನಿನ್ನ ಪ್ರಶ್ನೆಗೆ ಬರುತ್ತೇನೆ. ಮಗಳ ಮನೆಯಲ್ಲಿ ಎರಡು ಟ್ರಂಕು ಹಳೇ ಹಾಸಿಗೆ ಬಟ್ಟೆ ಇದೆ, ಅಳಿಯಂದಿರು ಎಸೆಯಿರಿ ಅನ್ನುತ್ತಿದ್ದಾರೆ ಎಂದು ಬರೆದಿದ್ದೀಯ. ಎಸೆಯಬೇಡ. ಇಪ್ಪತ್ತು ವರ್ಷ ಅಂಗೈ ಅಗಲದ ತುಂಡನ್ನೂ ಎಸೆದವರಲ್ಲ ನಾವು. ಟವೆಲ್ಲುಗಳನ್ನು ನಾಲ್ಕು ಮಡಿಕೆ ಮಾಡಿ ಸುತ್ತ ಹೊಲಿ, ಕಾಲೊರೆಸಲು ಅದಕ್ಕಿಂತ ಒಳ್ಳೆಯದಿಲ್ಲ. ಕಂಬಳಿಯ ತುಂಡನ್ನು ಎರಡು ಹತ್ತಿ ಬಟ್ಟೆಯ ನಡುವೆ ಇಟ್ಟು ಹೊಲಿದರೆ ಬಿಸಿ ಪಾತ್ರೆ ಹಿಡಿಯಲು ಆಗುತ್ತದೆ. ದಿಂಬಿನ ಕವರುಗಳ ಬಾಯಿಗೆ ಲಾಡಿ ಪೋಣಿಸು, ಸ್ವೆಟರುಗಳು ಧೂಳಿಲ್ಲದೆ ಕೂರುತ್ತವೆ. ಹರಿದ ಸೊಳ್ಳೆ ಪರದೆಯಲ್ಲಿ ತರಕಾರಿ ಚೀಲ ಮಾಡಬಹುದು. ನೈಲಾನ್ ಬಟ್ಟೆಯನ್ನು ಮಾತ್ರ ನೆಲ ಒರೆಸಲು ಇಟ್ಟುಕೊಳ್ಳಬೇಡ. ಅದು ನೀರು ಹೀರುವುದಿಲ್ಲ, ನಮ್ಮ ಹೆಡ್ ನರ್ಸಮ್ಮ ಸುದ್ದಿ ಹರಡುವ ಹಾಗೆ ಮನೆಯೆಲ್ಲ ಹರಡುತ್ತದೆ. ತೀರಾ ಜಾಳಾದದ್ದಕ್ಕೆ ಹೊಸ ದಾರ ಖರ್ಚು ಮಾಡಬೇಡ, ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

ಉಳಿದದ್ದು ಬೆಡ್‌ಶೀಟು. ಮೂರು ಸಲವೂ ನನ್ನ ಕೈ ನಿಂತದ್ದು ಇಲ್ಲೇ.

ನಮ್ಮವರು ಡಿಸೆಂಬರ್ ಕೊನೆಗೆ ನಿವೃತ್ತರಾದರು. ನಮ್ಮ ಮಗಳಿಗೆ ಮೂರು ತುಂಬಿದಾಗ ಪಂಪ್‌ಹೌಸಿನ ರಾತ್ರಿ ಪಾಳಿಗೆ ಹೋದವರು, ಇಪ್ಪತ್ತಾರು ವರ್ಷ ಅದರಲ್ಲೇ ಕಳೆದರು. ನಾನು ಬೆಳಿಗ್ಗೆ ಏಳಕ್ಕೆ ಹೊರಡುವುದು, ಅವರು ಏಳೂವರೆಗೆ ಬರುವುದು. ಎಷ್ಟೋ ದಿನ ನಮ್ಮ ಸಂಸಾರವೆಲ್ಲ ಬಸ್ ಸ್ಟಾಪಿನಲ್ಲೇ. "ಹಾಲು ಕಾಸಿದೀನಿ." "ಸರಿ, ಕೊಡೆ ತಗೊಂಡ್ಯಾ?" ಅಷ್ಟೇ. ರಜೆಯ ದಿನವೂ ಅವರಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ, ರೇಡಿಯೋ ಹಿಡಿದು ಹೊರಗೆ ಕೂರುತ್ತಿದ್ದರು. "ನಿಂದು ಗಂಡ ಅಲ್ಲ ಕಣೆ, ಬಾಡಿಗೆದಾರ" ಎಂದು ನೀನು ನಗುತ್ತಿದ್ದೆ. ನಾನೂ ನಗುತ್ತಿದ್ದೆ.

ಅವರು ಮನೆಯಲ್ಲಿ ಉಳಿಯುವ ಹೊತ್ತಿಗೆ ಹಾಸಿಗೆಯನ್ನಾದರೂ ಚೊಕ್ಕ ಮಾಡೋಣವೆಂದು ಕಪಾಟು ತೆಗೆದೆ. ನಮ್ಮ ಜೋಡಿ ಮಂಚದ ದೊಡ್ಡ ಬೆಡ್‌ಶೀಟು, ನೀಲಿ ಗೆರೆಯದು, ಅದನ್ನು ಬೆಳಕಿಗೆ ಹಿಡಿದರೆ ನಡುವಿನಿಂದ ಎದುರು ಮನೆಯ ಕಿಟಕಿ ಕಂಡಿತು. ಎರಡು ಪಕ್ಕ ಮಾತ್ರ ಈಗಷ್ಟೇ ಅಂಗಡಿಯಿಂದ ತಂದ ಹಾಗಿದೆ. ಉಳಿದ ನಾಲ್ಕನ್ನೂ ಹಿಡಿದು ನೋಡಿದೆ, ಎಲ್ಲವೂ ಅದೇ ರೀತಿ. ಇಬ್ಬರು ಮಲಗುವ ಮಂಚದ ಹಾಸು ಎರಡು ಕಡೆ ಸವೆದು ನಡುವೆ ಗಟ್ಟಿಯಿರಬೇಕು, ಅಲ್ಲವೇ? ನಮ್ಮದು ತಿರುವುಮುರುವು. ಹಗಲು ಅವರು ನಡುವೆ ಮಲಗಿದರು, ರಾತ್ರಿ ನಾನು ನಡುವೆ ಮಲಗಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಇಬ್ಬರ ಹಾಸಿಗೆಯಲ್ಲಿ ನಾವು ಒಬ್ಬೊಬ್ಬರೇ ಚಾಚಿಕೊಂಡು ವಯಸ್ಸು ಕಳೆದೆವು.

ಆಸ್ಪತ್ರೆಯಲ್ಲಾಗಿದ್ದರೆ ನಡುವೆ ಉದ್ದಕ್ಕೆ ಸೀಳಿ, ಗಟ್ಟಿ ಅಂಚುಗಳನ್ನು ಒಳಕ್ಕೆ ತಂದು ಕೂಡಿಸಿ, ಸವೆದದ್ದನ್ನು ಹೊರಕ್ಕೆ ಕಳಿಸಿ ಹಾಸಿಗೆಯ ಅಡಿಗೆ ಸಿಕ್ಕಿಸುತ್ತಿದ್ದೆವು. ಆದರೆ ಹಾಗೆ ಮಾಡಿದರೆ ಸರಿಯಾಗಿ ನಡುವೆ ಹೊಲಿಗೆ ಬರುತ್ತದೆ. ಇವರಿಗೆ ಬೆನ್ನುನೋವು, ಒತ್ತೀತು ಅಂದುಕೊಂಡೆ. ಅದಕ್ಕೇ ಸವೆದ ನಡುವನ್ನು ಕತ್ತರಿಸಿ ತೆಗೆದು, ಎರಡು ಪಕ್ಕವನ್ನೂ ಬೇರೆ ಬೇರೆ ಶೀಟು ಮಾಡಿದೆ. ಇಸ್ತ್ರಿ ಹಾಕಿ ಮಂಚದ ಮೇಲೆ ಅಕ್ಕಪಕ್ಕ ಹಾಸಿದೆ. ನನ್ನ ಜಾಣತನಕ್ಕೆ ನಾನೇ ಬೀಗಿದ್ದೆ ಕಣೆ.

ಅವರು ಕೊನೆಯ ಪಾಳಿ ಮುಗಿಸಿ ಬಂದ ಬೆಳಿಗ್ಗೆ ನಾನು ರಜೆ ಹಾಕಿದ್ದೆ. "ಬನ್ನಿ, ಏನೋ ತೋರಿಸ್ತೀನಿ" ಎಂದು ಕೋಣೆಗೆ ಕರೆದೆ. ಅವರು ಬಾಗಿಲಲ್ಲೇ ನಿಂತು ಮಂಚವನ್ನು ಸ್ವಲ್ಪ ಹೊತ್ತು ನೋಡಿದರು. "ಚೆನ್ನಾಗಿದೆ. ನೀನು ಹೇಳೋದೂ ಸರೀನೆ, ಬೆಳಿಗ್ಗೆ ಬೇಗ ಏಳೋಳು" ಅಂದರು. ಒಂದು ಶೀಟನ್ನು ಮಡಚಿಕೊಂಡು, ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು, ಮುಂದಿನ ಕೋಣೆಯ ದಿವಾನಕ್ಕೆ ಹೋದರು. ನಾನು ಏನು ಹೇಳಿದ್ದೆ? ಏನೂ ಹೇಳಿರಲಿಲ್ಲ.

ಒಬ್ಬರೇ ಇದ್ದು ರೂಢಿ, ಅದಕ್ಕೇ ಹೋದರು ಎಂದು ನಾನೂ ಸುಮ್ಮನಾದೆ. ಐದು ವಾರ ಹಾಗೇ ಕಳೆಯಿತು. ಅವರು ತರಕಾರಿ ಹೆಚ್ಚಿಟ್ಟರೆ ನಾನು "ಯಾಕೆ ತೊಂದ್ರೆ ತಗೊಂಡ್ರಿ" ಅನ್ನುವುದು, ನಾನು ನೀರು ಕಾಯಿಸಿದರೆ ಅವರು "ನಾನೇ ಮಾಡ್ಕೋತಿದ್ದೆ" ಅನ್ನುವುದು. ನೆಂಟರ ಮನೆಯಲ್ಲಿ ತಂಗಿದವರ ಹಾಗೆ ಇಬ್ಬರೂ ನಯವಾಗಿದ್ದೆವು. ನೂರು ಶೀಟು ಮಡಚಿದ ದಣಿವು ಒಂದು ನಿದ್ದೆಗೆ ಹೋಗುತ್ತದೆ. ನಯವಾಗಿರುವ ದಣಿವು ಹೋಗುವುದಿಲ್ಲ.

ಫೆಬ್ರವರಿ ಮೊದಲ ವಾರ ಮಗಳು ಫೋನು ಮಾಡಿದಳು. "ಅಮ್ಮ, ಅಪ್ಪಂಗೆ ಯಾಕೆ ಹಾಗೆ ಮಾಡ್ದೆ? ರಿಟೈರಾಗಿ ಬಂದ ದಿನಾನೇ ನಿಮ್ಮಮ್ಮ ಹಾಸಿಗೆ ಪಾಲು ಮಾಡಿಟ್ಟಿದ್ಲು ಅಂದ್ರು. ಕೋಪ ಏನಿಲ್ಲ, ಅವಳಿಗೂ ರೂಢಿ ಇಲ್ಲ ಪಾಪ, ಅಂದ್ರು." ಊರಿನ ರೋಗಿಗಳಿಗೆಲ್ಲ ಹಾಸು ಕೂಡಿಸಿಕೊಟ್ಟವಳು ನನ್ನ ಮಂಚವನ್ನು ಸೀಳಿ ಕೂತಿದ್ದೆ. ಕತ್ತರಿಸುವ ನಿನ್ನ ಕೆಲಸಕ್ಕೆ ನಾನು ಕೈ ಹಾಕಿದರೆ ಇಷ್ಟೇ.

ಅವತ್ತು ಸಂಜೆಯೇ ದಿವಾನದ ಮೇಲಿನದನ್ನು ತೆಗೆದುಕೊಂಡು, ಎರಡನ್ನೂ ಮತ್ತೆ ಸೇರಿಸಿ ಹೊಲಿದೆ. ಬೆನ್ನಿಗೆ ಒತ್ತದಿರಲೆಂದು ಹೊಲಿಗೆಯನ್ನು ಮಡಚಿ, ತಟ್ಟಿ, ಎರಡು ಸಲ ಓಡಿಸಿದೆ. ಹಾಸಿದೆ. ಬಾಯಿಬಿಟ್ಟು ಹೇಳಬಹುದಿತ್ತು, ಮಾತು ಬರಲಿಲ್ಲ. ಅವರು ನೋಡಿದರು, ದಿಂಬು ತಂದು ಇಟ್ಟರು. ಮಾರನೆಯ ದಿನ "ಹೊಲಿಗೆ ಒತ್ತುತ್ತಾ?" ಎಂದು ಕೇಳಿದೆ. "ಇಲ್ಲ ಬಿಡು, ಗೊತ್ತೇ ಆಗಲ್ಲ" ಅಂದರು. ಹೇಗೆ ಗೊತ್ತಾಗಬೇಕು? ಅವರು ಆ ತುದಿ, ನಾನು ಈ ತುದಿ, ಹೊಲಿಗೆಯ ಹತ್ತಿರಕ್ಕೂ ಯಾರೂ ಹೋಗುವುದಿಲ್ಲ. ಆದರೂ ಒಂದೇ ಹಾಸಿಗೆಯಾಯಿತಲ್ಲ. ಅಲ್ಲಿಗೆ ಸರಿಹೋಯಿತು ಅಂದುಕೋ.

ನಿನ್ನ ಟ್ರಂಕಿನ ಶೀಟುಗಳನ್ನು ಕತ್ತರಿಸುವ ಮೊದಲು ಯಾರದು, ಏನು ಎಂದು ಮನೆಯವರನ್ನು ಒಂದು ಮಾತು ಕೇಳು. ಮೊಮ್ಮಗಳಿಗೆ ನನ್ನ ಆಶೀರ್ವಾದ, ಅವಳು ನಿನ್ನಷ್ಟು ನಗಲಿ, ನನ್ನಷ್ಟು ಯೋಚಿಸದಿರಲಿ. ಎಸೆಯಿರಿ ಅಂದ ಅಳಿಯಂದಿರಿಗೂ ಒಳ್ಳೆಯದಾಗಲಿ. ನಿನ್ನ ಮಂಡಿ ಇನ್ನಾದರೂ ನಿನ್ನ ಮಾತು ಕೇಳಲಿ.

ಇಂತಿ ನಿನ್ನ,
ಸೂಜಿ

ತಾ.ಕ.: ಸರಿಹೋಯಿತು ಅಂದುಕೋ ಎಂದು ಬರೆದೆನಲ್ಲ, ಅಂದುಕೊಳ್ಳಬೇಡ. ಮೂರು ವಾರ ಇಬ್ಬರೂ ಕಣ್ಣು ಮುಚ್ಚಿಕೊಂಡು ಎಚ್ಚರವಾಗಿಯೇ ಇದ್ದೆವು. ಹೋದ ಸೋಮವಾರದಿಂದ ಇವರು ಒಂದು ಗೋದಾಮಿನಲ್ಲಿ ರಾತ್ರಿ ಕಾವಲಿಗೆ ಸೇರಿದ್ದಾರೆ. "ಮನೇಲಿ ಕೂತು ಕೂತು ಬೇಜಾರು" ಅಂದರು. ಹೋಗಬೇಡಿ ಅನ್ನಬೇಕಿತ್ತು. ಅನ್ನಲಿಲ್ಲ, ಊಟದ ಡಬ್ಬಿ ತುಂಬಿಸಿಕೊಟ್ಟೆ. ಆ ರಾತ್ರಿ ನನಗೆ ಎಂಥ ನಿದ್ದೆ ಬಂತೆಂದರೆ, ಎದ್ದ ಮೇಲೆ ನಾಚಿಕೆಯಾಗಿ ಅತ್ತುಬಿಟ್ಟೆ. ಬೆಳಿಗ್ಗೆ ಬಾಗಿಲಲ್ಲಿ ಎದುರಾದವರು "ನಿದ್ದೆ ಬಂತಾ?" ಎಂದು ಕೇಳಿದರು. ಇಷ್ಟು ವರ್ಷದಲ್ಲಿ ಒಂದು ದಿನವೂ ಕೇಳಿರಲಿಲ್ಲ. "ಇಲ್ಲ, ನೀವಿಲ್ದೆ ಹೇಗೆ ಬರುತ್ತೆ" ಅಂದೆ. "ನಂಗೂ ಅಲ್ಲಿ ಹೊತ್ತೇ ಹೋಗ್ಲಿಲ್ಲ" ಅಂದರು. ಈ ಎರಡು ತಿಂಗಳಲ್ಲಿ ಅವರ ಮುಖ ಅಷ್ಟು ಹಗುರಾಗಿ ಇದ್ದದ್ದನ್ನು ನಾನು ನೋಡಿರಲಿಲ್ಲ.