ಒಂದೇ ಹಾಲು

ಮುತರ್ರಿಫ್ ಅಣ್ಣನಿಗೆ,

ಅಜ್ಜಂದಿರ ಕಾಲದಲ್ಲಿ ತೊಲೆದೊ ನಗರ ನಮ್ಮ ಕ್ರೈಸ್ತ ರಾಜನಿಗೆ ದಕ್ಕಿದ್ದರೆ ಇಂದು ನಿಮ್ಮ ಸುಲ್ತಾನನ ಸೈನ್ಯ ಲೆಯೋನ್ ಕೋಟೆಗೆ ಮುತ್ತಿಗೆ ಹಾಕುತ್ತಿರಲಿಲ್ಲ ಎಂದು ಇಲ್ಲಿನ ಮುದುಕರು ಹಲುಬುತ್ತಾರೆ. ಹಲುಬಿದರೆ ಹೊಟ್ಟೆ ತುಂಬೀತೇ? ನಿನ್ನೆ ಕುದುರೆಯ ಜೀನಿನ ತೊಗಲು ಬೇಯಿಸಿ ತಿಂದೆವು.

ನಾನು ಹುಟ್ಟಿದ ತೊಲೆದೊದಲ್ಲಿ ನನ್ನ ಹೆತ್ತಮ್ಮ ಸತ್ತಾಗ ನಿನ್ನಮ್ಮ ಲುಬ್ನಾ ನಮ್ಮಿಬ್ಬರಿಗೂ ಹಾಲೂಡಿಸಿದಳು. “ಒಂದೇ ಹಾಲು ಕುಡಿದೋರು ಕಣ್ರೋ ನೀವು, ಕಚ್ಚಾಡ್ಬೇಡಿ” ಎಂದು ಗದರುತ್ತಿದ್ದಳು. ನಿಮ್ಮ ಧರ್ಮದಲ್ಲಿ ಹಾಲಿನ ನಂಟು ರಕ್ತದಷ್ಟೇ ಗಟ್ಟಿಯಲ್ಲವೇ? ನನ್ನ ಮಗಳಿಗೆ ನೀನೇ ಸೋದರಮಾವ.

ನಾಳೆ ನಸುಕಿಗೆ ಮಗಳು ಔರಿಯಾಳನ್ನು ಬುಟ್ಟಿಯಲ್ಲಿ ಕೂರಿಸಿ, ಮುತ್ತಿಗೆಯ ಪಾಳೆಯದಲ್ಲಿರುವ ನಿನ್ನ ಡೇರೆಯ ಎದುರಿನ ಕೋಟೆಗೋಡೆಯಿಂದ ಇಳಿಸುತ್ತೇನೆ. ನಿನ್ನವಳೆಂದು ಎತ್ತಿಕೋ. ಲುಬ್ನಾ ಎಂದೇ ಕರೆ. ವಾರದಿಂದ ಆ ಹೆಸರನ್ನೇ ರೂಢಿ ಮಾಡಿಸಿದ್ದೇನೆ. ಇವತ್ತು ಮರೆತು ಔರಿಯಾ ಎಂದು ಕರೆದುಬಿಟ್ಟೆ. ಅವಳು ತಿರುಗಿ ನೋಡಲಿಲ್ಲ.

ನಿನ್ನ ಹಾಲಿನ ತಂಗಿ,
ವೆಲಸ್ಕಿತಾ